ಕಾಯಕವೂ ಭೂಮಿಯ ಪಾರುಪತ್ಯವೂ



ಮಠದ ಪಾರುಪತ್ಯಗಾರನ ಕೈಯಲ್ಲಿ ಉಗ್ರಾಣದ ಕೀಲಿಕೈ ಇರುವದು. ಉಗ್ರಾಣವು ಮಾತ್ರ ಆತನ ಸ್ವತ್ತಲ್ಲ. ಬಂದ ಧಾನ್ಯವನ್ನು ಅಳೆದಿಡುವದು, ಕೆಡದಂತೆ ಕಾಯುವದು, ದಾಸೋಹಕ್ಕೆ ಬೇಕಾದಷ್ಟನ್ನು ತೆಗೆದುಕೊಡುವದು, ಕೇಳಿದಾಗ ಲೆಕ್ಕ ಒಪ್ಪಿಸುವದು, ಇವೇ ಆತನ ಧರ್ಮ. ಮನುಷ್ಯನ ನಿತ್ಯದ ಉದ್ಯೋಗವೂ ಸೃಷ್ಟಿಯ ಇಂಥ ಪಾರುಪತ್ಯವೇ ಎಂಬದು ಕ್ರೈಸ್ತ ಮತದ ಒಂದು ಮುಖ್ಯ ಭಾವನೆ. ಅದನ್ನು ಶರಣರ ಕಾಯಕತತ್ತ್ವದೊಡನೆ ಹೋಲಿಸಿ ನೋಡುವದು ಈ ಉಪನ್ಯಾಸದ ಉದ್ದೇಶ.

ಕ್ರೈಸ್ತರ ಧರ್ಮಗ್ರಂಥದ ಆದಿಭಾಗದಲ್ಲಿ ದೇವನು ಪ್ರಥಮ ಮಾನವನನ್ನು ತೋಟವೊಂದರಲ್ಲಿರಿಸಿ, ಸಾಗುವಳಿ ಮಾಡುವ ಮತ್ತು ಕಾಯುವ ಎರಡು ಕಾರ್ಯಗಳನ್ನು ಒಟ್ಟಿಗೇ ವಹಿಸಿದನೆಂಬ ಕಥೆಯಿದೆ. ಸಾಗುವಳಿಯೊಂದೇ ಸಾಲದು, ಕಾವಲೂ ಬೇಕೆಂಬದು ಅದರ ಅಭಿಪ್ರಾಯ. ಏಳನೆಯ ವರುಷ ಹೊಲವನ್ನು ಬಿತ್ತದೆ ಬಿಟ್ಟು ಭೂಮಿಗೂ ವಿಶ್ರಾಂತಿ ಕೊಡಬೇಕೆಂದು ಅಲ್ಲಿಯೇ ವಿಧಿಸಿದೆ. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನು, ಒಕ್ಕಲಿಗನ ದುಡಿಮೆಯು ಸನ್ಯಾಸಿಯ ಜಪಕ್ಕಿಂತ ಕೀಳಲ್ಲ, ಅದೂ ದೇವರು ಕರೆದು ಒಪ್ಪಿಸಿದ ಸೇವೆಯೇ ಎಂದು ಬೋಧಿಸಿದನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮುಂದೆ ಅಲ್ಲಿ ನೇಯ್ಗೆಯ ಶಾಲೆಯನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಪ್ರಾರ್ಥನೆ ಮತ್ತು ಕೈಗೆಲಸ ಒಂದೇ ಅಂಗಳದಲ್ಲಿ ನಡೆದವು.

ಶರಣರಿಗೆ ಈ ಮಾತು ಹೊಸದಲ್ಲ. ಕಲ್ಯಾಣದಲ್ಲಿ ಸಮಗಾರ ಹರಳಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮುಂತಾದವರು ತಮ್ಮ ತಮ್ಮ ಕಸುಬಿನಲ್ಲಿಯೇ ಶಿವನನ್ನು ಕಂಡರು. ಅಥಣಿ, ನಿಪ್ಪಾಣಿ, ಮದಭಾವಿಗಳಲ್ಲಿ ಅಳಲೆಕಾಯಿ ಮತ್ತು ಜಾಲಿಯ ತೊಗಟೆಯಿಂದ ತೊಗಲನ್ನು ಹದಮಾಡಿ ಪಾದರಕ್ಷೆ ಹೊಲಿಯುವ ಕೈಗಳು ಹರಳಯ್ಯನ ಕಾಯಕವನ್ನೇ ನಡೆಸಿಕೊಂಡು ಬಂದಿವೆ. ಕ್ರೈಸ್ತನು ಸೃಷ್ಟಿಯನ್ನು ಒಡೆಯನ ಆಸ್ತಿಯೆಂದು ಕಾಯುವನು. ಶರಣನು ಅದನ್ನು ಲಿಂಗಕ್ಕರ್ಪಿಸಿ ಪ್ರಸಾದವೆಂದು ಕೊಳ್ಳುವನು. ಮಾರ್ಗ ಬೇರೆ, ಇದು ತನ್ನದಲ್ಲವೆಂಬ ಅರಿವು ಎರಡಕ್ಕೂ ಸಮಾನ.

ಆದರೆ ದುಡಿಮೆಯೆಲ್ಲವೂ ಕಾಯಕವಾಗಲಾರದು. ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಅದು ಕದ್ದ ಅಕ್ಕಿಯಲ್ಲ, ಬೆವರಿನ ಅಕ್ಕಿಯೇ. ಆದರೂ ಮಿತಿ ಮೀರಿದೊಡನೆ ಕಾಯಕವು ಆಶೆಯಾಯಿತೆಂದು ಆ ತಾಯಿ ಬಲ್ಲಳು.

ಈ ಮಾತು ಇಂದು ಈ ಸೀಮೆಯ ಮನೆಬಾಗಿಲಿಗೇ ಬಂದಿದೆ. ಚಿಕ್ಕೋಡಿ, ನಿಪ್ಪಾಣಿಗಳಿಗೆ ದೂಧಗಂಗಾ, ವೇದಗಂಗೆಯರು. ರಾಯಬಾಗ, ಅಥಣಿ, ಕಾಗವಾಡಗಳಿಗೆ ಕೃಷ್ಣೆ. 1839ರ ನಂತರ ನೂರು ವರುಷಕ್ಕೆ, ಅಂದರೆ 1939ರಲ್ಲಿ, ಉಗಾರದ ಸಕ್ಕರೆ ಕಾರ್ಖಾನೆಯ ಸಂಸ್ಥೆಯು ಹುಟ್ಟಿತು. ಮುಂದೆ ಕಬ್ಬು ಹಬ್ಬಿತು. ಕಬ್ಬು ಅನ್ನವಿತ್ತಿದೆ, ಅದನ್ನು ಹಳಿಯುವದು ಕೃತಘ್ನತೆ. ಆದರೆ ಕರಿಮಣ್ಣಿಗೆ ಹದವರಿಯದೆ ನೀರುಣಿಸಿದಲ್ಲಿ, ಬಸಿದು ಹೋಗಲು ದಾರಿಯಿಲ್ಲದೆ ಒಳನೀರು ಮೇಲೇರುವದು. ಅದರೊಡನೆ ಬಂದ ಉಪ್ಪು, ನೀರು ಆರಿದ ಮೇಲೆ ನೆಲದಲ್ಲಿಯೇ ಉಳಿಯುವದು. ಹೀಗೆ ಹೊಳೆಸಾಲಿನ ಎಷ್ಟೋ ಹೊಲಗಳು ಸವಳು-ಜವಳಾಗಿವೆ. ಆ ಹೊಲಗಳು ಸೋಮಾರಿಯ ಕೈಯಲ್ಲಿ ಕೆಟ್ಟವಲ್ಲ; ಹಗಲಿರುಳು ದುಡಿದವನ ಕೈಯಲ್ಲಿಯೇ ಕೆಟ್ಟವು. ಲಕ್ಕಮ್ಮನು ಹಿಂದಿರುಗಿಸಿದ ಆ ಹೆಚ್ಚಿನ ಅಕ್ಕಿಯೇ ಇಲ್ಲಿ ಹೆಚ್ಚಿನ ನೀರಾಗಿ ನಿಂತಿದೆ.

ಪರಿಹಾರವು ಒಕ್ಕಲಿಗನಿಗೆ ತಿಳಿಯದುದಲ್ಲ. ಬಸಿಗಾಲುವೆ ತೆಗೆಯುವದು, ಹನಿ ನೀರಾವರಿಯಿಂದ ಅಳತೆಯಾಗಿ ನೀರುಣಿಸುವದು, ಸಣಬು ಬಿತ್ತಿ ಹಸಿರು ಗೊಬ್ಬರವಾಗಿ ಮಗುಚುವದು, ಕಬ್ಬಿನ ನಡುವೆ ಬೇರೆ ಬೆಳೆಗೆ ಎಡೆಗೊಡುವದು. ಆದರೆ ಒಬ್ಬನ ಬಸಿನೀರು ನೆರೆಯವನ ಹೊಲವನ್ನು ದಾಟಿಯೇ ಹಳ್ಳ ಸೇರಬೇಕು. ಆದ್ದರಿಂದ ಊರು ಒಂದಾಗದೆ ಇದು ಸಾಗದು. ಅಲ್ಲಿಯೇ ಕಾಯಕವು ದಾಸೋಹವಾಗುವದು.

1836ರಲ್ಲಿ ಜನಿಸಿ 1921ರಲ್ಲಿ ಲಿಂಗೈಕ್ಯರಾದ ಅಥಣಿಯ ಮುರುಘೇಂದ್ರ ಶಿವಯೋಗಿಗಳು ನಡೆದಾಡಿದ ನೆಲವಿದು. ತಂದೆಯು ಮಗನಿಗೆ ಬರಿಯ ಉತಾರವನ್ನಲ್ಲ, ಬೆಳೆಯುವ ಮಣ್ಣನ್ನು ಒಪ್ಪಿಸಲಿ. ಪಾರುಪತ್ಯದ ಲೆಕ್ಕವು ಅಂದು ಸರಿಹೋಗುವದು.