ಕ್ಯೂ, ಎಕ್ಸ್, ವೈ ಮೂರೂ ಇರುವ ಪದ ಯಾವುದು?

ಇಂಗ್ಲಿಷಿನ ಒಂದು ಉದ್ದನೆಯ ಪದ ಬೇಕು. ಅದರಲ್ಲಿ ಕ್ಯೂ ಇರಬೇಕು, ಎಕ್ಸ್ ಇರಬೇಕು, ವೈ ಕೂಡ ಇರಬೇಕು. ಹೇಗೆ ಹುಡುಕುತ್ತೀರಿ? ನಿಘಂಟಿನ ಮೊದಲ ಪುಟದಿಂದ ಒಂದೊಂದೇ ಪದ ನೋಡುತ್ತಾ ಹೋದರೆ ಬೇಸಿಗೆ ರಜೆ ಮುಗಿದರೂ ಕೆಲಸ ಮುಗಿಯುವುದಿಲ್ಲ. ಇದಕ್ಕೆ ಒಂದು ಜಾಣ ದಾರಿ ಇದೆ. ಆ ದಾರಿಯುದ್ದಕ್ಕೂ ವಿಜ್ಞಾನ ಸಿಗುತ್ತದೆ.

ಇಂಗ್ಲಿಷಿನ 26 ಅಕ್ಷರಗಳಿಗೂ ಒಂದೇ ಸಮನಾಗಿ ಕೆಲಸ ಇಲ್ಲ. ನಿಮ್ಮ ಇಂಗ್ಲಿಷ್ ಪಠ್ಯಪುಸ್ತಕದ ಒಂದು ಪುಟ ತೆಗೆದು ಅಕ್ಷರಗಳನ್ನು ಎಣಿಸಿ ನೋಡಿ. ಇ ಅಕ್ಷರ ಸಾಲು ಸಾಲಿಗೂ ಸಿಗುತ್ತದೆ. ಟಿ, ಎ ಅದರ ಬೆನ್ನಿಗೇ ಇರುತ್ತವೆ. ಕ್ಯೂ, ಝಡ್, ಎಕ್ಸ್, ಜೆ ಮಾತ್ರ ಹುಡುಕಿದರೂ ಸಿಗುವುದು ಕಷ್ಟ. 1930ರ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ಕೆಲಸ ಕಳೆದುಕೊಂಡಿದ್ದಾಗ ಪತ್ರಿಕೆಯ ಪುಟ ಹರಡಿಕೊಂಡು ಹೀಗೇ ಎಣಿಸಿದರು. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟ ನಿಂತಿರುವುದು ಆ ಲೆಕ್ಕದ ಮೇಲೆಯೇ. ಅದರ 100 ಬಿಲ್ಲೆಗಳಲ್ಲಿ ಇ ಅಕ್ಷರದವು 12, ಒಂದೊಂದಕ್ಕೂ ಒಂದೇ ಅಂಕ. ಕ್ಯೂ ಇರುವುದು ಒಂದೇ ಬಿಲ್ಲೆ, ಅದಕ್ಕೆ 10 ಅಂಕ! ತಂತಿ ಸಂದೇಶದ ಮೋರ್ಸ್ ಸಂಕೇತದಲ್ಲೂ ಇದೇ ಲೆಕ್ಕ: ಇ ಅಕ್ಷರಕ್ಕೆ ಒಂದು ಚುಕ್ಕೆ ಸಾಕು, ಕ್ಯೂಗೆ ನಾಲ್ಕು ಗುರುತು ಬೇಕು.

ಹುಡುಕುವವರಿಗೆ ಇದರಿಂದ ದೊಡ್ಡ ಸಹಾಯ ಆಗುತ್ತದೆ. ಇ, ಟಿ, ಕ್ಯೂ ಮೂರೂ ಇರುವ ಪದ ಬೇಕು ಅನ್ನಿ. ಇ ಇರುವ ಪದಗಳಿಂದ ಶುರುಮಾಡಿದರೆ ನಿಘಂಟಿನ ಬಹುಪಾಲು ಹಾಗೇ ಉಳಿದುಬಿಡುತ್ತದೆ. ಕ್ಯೂನಿಂದ ಶುರುಮಾಡಿದರೆ ಮೊದಲ ಹೆಜ್ಜೆಯಲ್ಲೇ ರಾಶಿ ಕರಗಿ ಒಂದು ಹಿಡಿಯಾಗುತ್ತದೆ. ಅದರ ಜೊತೆಗೆ, ಕ್ಯೂ ಬಂದಲ್ಲಿ ಹೆಚ್ಚುಕಡಿಮೆ ಯಾವಾಗಲೂ ಅದರ ಹಿಂದೆಯೇ ಯು ಬರುತ್ತದೆ, ಒಂದು ಅಕ್ಷರ ಪುಕ್ಕಟೆ ಸಿಕ್ಕಂತೆ. ಆದ್ದರಿಂದ ಅಪರೂಪದ ಅಕ್ಷರವನ್ನು ಮೊದಲು ಹಿಡಿಯಿರಿ. ಅಪರೂಪದ್ದು ಹೆಚ್ಚು ಮಾಹಿತಿ ಕೊಡುತ್ತದೆ ಎಂಬ ಈ ವಿಚಾರಕ್ಕೆ ಗಣಿತದ ರೂಪ ಕೊಟ್ಟವರು ಅಮೆರಿಕದ ಕ್ಲಾಡ್ ಶ್ಯಾನನ್, 1948ರಲ್ಲಿ. ಇಂದಿನ ಮೊಬೈಲು, ಇಂಟರ್‌ನೆಟ್ಟು ಎಲ್ಲ ಆ ಗಣಿತಕ್ಕೆ ಋಣಿ.

ಕಂಪ್ಯೂಟರ್ ಹೇಗೆ ಹುಡುಕುತ್ತದೆ? ಅದಕ್ಕೆ ಕಲಿಸಬಹುದಾದ ಒಂದು ಉಪಾಯ ನನಗೆ ಬಹಳ ಇಷ್ಟ. ಪ್ರತಿ ಪದದ ಮುಂದೆ 26 ಪುಟ್ಟ ದೀಪಗಳ ಸಾಲು ಇದೆ ಎಂದುಕೊಳ್ಳಿ. ಎ ಅಕ್ಷರಕ್ಕೆ ಮೊದಲ ದೀಪ, ಬಿ ಅಕ್ಷರಕ್ಕೆ ಎರಡನೆಯದು, ಹೀಗೆ ಝಡ್‌ವರೆಗೆ. ಪದದಲ್ಲಿ ಯಾವ ಅಕ್ಷರ ಇದೆಯೋ ಆ ದೀಪ ಮಾತ್ರ ಹೊತ್ತಿಕೊಳ್ಳುತ್ತದೆ. ಟಿ, ಇ, ಎ ಸೇರಿದ ‘ಟೀ’ ಪದಕ್ಕೆ 1, 5 ಮತ್ತು 20ನೆಯ ದೀಪ ಹೊತ್ತುತ್ತವೆ. ‘ಈಟ್’ ಪದಕ್ಕೂ ಅವೇ ಮೂರು ದೀಪ, ಅಕ್ಷರಗಳ ಜಾಗ ಬದಲಾಗಿದೆ ಅಷ್ಟೆ. ಹೊತ್ತಿದ್ದಕ್ಕೆ 1, ಆರಿದ್ದಕ್ಕೆ 0 ಎಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ನೀವು ಕೇಳಿದ ಅಕ್ಷರಗಳ ದೀಪಗಳೆಲ್ಲ ಆ ಸಾಲಿನಲ್ಲಿ ಹೊತ್ತಿವೆಯೇ ಎಂದು ಒಂದೇ ಏಟಿಗೆ ನೋಡಿ ಮುಂದಿನ ಪದಕ್ಕೆ ಹೋಗುತ್ತದೆ. ಲಕ್ಷ ಪದಗಳಿದ್ದರೂ ನೀವು ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಒಂದು ಕೊರತೆ ಇದೆ: ಒಂದು ಝಡ್ ಇದ್ದರೂ ಎರಡು ಇದ್ದರೂ ಹೊತ್ತುವುದು ಅದೇ ಒಂದು ದೀಪ. ಹಾಗಾಗಿ ‘ಎರಡು ಝಡ್ ಇರುವ ಪದ ಕೊಡು’ ಎಂದರೆ ಬೇರೆ ಲೆಕ್ಕ ಹಾಕಬೇಕು.

ಪದ ಉದ್ದವಾದಷ್ಟೂ ಹೆಚ್ಚು ದೀಪ ಹೊತ್ತಬೇಕಲ್ಲವೇ? ಯಾವಾಗಲೂ ಅಲ್ಲ. ಇಂಗ್ಲಿಷ್ ನಿಘಂಟುಗಳಲ್ಲಿ ‘ನ್ಯುಮೊನೊ ಅಲ್ಟ್ರಾ ಮೈಕ್ರೊಸ್ಕೋಪಿಕ್ ಸಿಲಿಕೊ ವಾಲ್ಕೆನೊ ಕೋನಿಯೋಸಿಸ್’ ಎಂಬ ಒಂದು ಭಾರೀ ಪದ ಇದೆ. ಬಿಡಿಸಿ ಹೇಳಿದೆ, ಬರೆಯುವುದು ಒಟ್ಟಿಗೇ. ಕಲ್ಲಿನ ಅತಿ ಸೂಕ್ಷ್ಮ ದೂಳು ಒಳಗೆ ಹೋಗಿ ಬರುವ ಶ್ವಾಸಕೋಶದ ಕಾಯಿಲೆ ಅದು. ವೈದ್ಯರು ಚಿಕ್ಕದಾಗಿ ಸಿಲಿಕೋಸಿಸ್ ಅನ್ನುತ್ತಾರೆ. ಆ ಉದ್ದನೆಯ ಹೆಸರನ್ನು ಕಟ್ಟಿದ್ದು ಅಮೆರಿಕದ ಪದಬಂಧ ಪ್ರಿಯರು, 1935ರ ಸುಮಾರಿಗೆ. ಅದರಲ್ಲಿ 45 ಅಕ್ಷರ. ಓ ಒಂದೇ ಒಂಬತ್ತು ಸಲ ಬರುತ್ತದೆ, ಎಲ್ಲೆಲ್ಲೂ ಕಾಣುವ ಇ ಇಲ್ಲಿ ಒಂದೇ ಸಲ. ಹೊತ್ತುವ ದೀಪಗಳು 14. ಬೆರಳಚ್ಚಿನ ಗೆರೆಗಳನ್ನು ಅಭ್ಯಾಸ ಮಾಡುವ ಶಾಸ್ತ್ರದ ಹೆಸರು ‘ಡರ್ಮಟೋಗ್ಲಿಫಿಕ್ಸ್’. ಅದರಲ್ಲಿ ಇರುವುದು ಬರೀ 15 ಅಕ್ಷರ, ಒಂದೂ ಎರಡನೆಯ ಸಲ ಬರುವುದಿಲ್ಲ. ಅಂದರೆ ಹದಿನೈದೂ ದೀಪ ಹೊತ್ತುತ್ತವೆ! ಮೂರರಲ್ಲಿ ಒಂದು ಪಾಲು ಉದ್ದದ ಪದ ಅಷ್ಟು ದೊಡ್ಡ ಪದವನ್ನು ಸೋಲಿಸಿತು ನೋಡಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕ್ಯೂ, ಎಕ್ಸ್, ವೈ ಮೂರೂ ಒಟ್ಟಿಗೆ ಎಲ್ಲಿ ಸಿಕ್ಕಾವು? ರಸಾಯನಶಾಸ್ತ್ರದಲ್ಲಿ. ಅಲ್ಲಿ ಹೆಸರುಗಳನ್ನು ತುಂಡು ತುಂಡು ಜೋಡಿಸಿ ಕಟ್ಟುತ್ತಾರೆ, ಒಂದೊಂದು ತುಂಡೂ ವಸ್ತುವಿನ ಒಂದೊಂದು ಭಾಗವನ್ನು ಹೇಳುತ್ತದೆ. 2020ರಲ್ಲಿ ಕೊರೊನಾ ಬಂದಾಗ ದಿನವೂ ಸುದ್ದಿಯಲ್ಲಿದ್ದ ಮಲೇರಿಯಾ ಔಷಧಿ ‘ಹೈಡ್ರಾಕ್ಸಿಕ್ಲೋರೋಕ್ವಿನ್’ ಹೆಸರನ್ನು ದೊಡ್ಡವರು ಮರೆತಿರಲಾರರು. ಇಂಗ್ಲಿಷಿನಲ್ಲಿ ಅದು 18 ಅಕ್ಷರ. ‘ಹೈಡ್ರಾಕ್ಸಿ’ ಅಂದರೆ ಜೊತೆಯಾಗಿ ಅಂಟಿಕೊಂಡ ಒಂದು ಆಮ್ಲಜನಕ, ಒಂದು ಜಲಜನಕದ ಪರಮಾಣು. ಎಕ್ಸ್, ವೈ ಇಲ್ಲಿ ಸಿಕ್ಕವು. ‘ಕ್ಲೋರೋ’ ಅಂದರೆ ಕ್ಲೋರಿನ್ ಪರಮಾಣು. ‘ಕ್ವಿನ್’ ಬಂದದ್ದು ಸಿಂಕೋನಾ ಮರದ ತೊಗಟೆಯಲ್ಲಿ ಸಿಗುವ ಕ್ವಿನೈನ್‌ನಿಂದ. ಕ್ಯೂ ಅಡಗಿರುವುದು ಅಲ್ಲಿ. ತುಂಡುಗಳನ್ನು ಗುರುತಿಸಲು ಬಂದರೆ ಇಷ್ಟುದ್ದದ ಹೆಸರೂ ಹೆದರಿಸುವುದಿಲ್ಲ, ಕಾಗುಣಿತವೂ ತಪ್ಪುವುದಿಲ್ಲ. ಬಾಯಿಪಾಠಕ್ಕಿಂತ ಇದೇ ಒಳ್ಳೆಯ ದಾರಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನಿಮಗೊಂದು ಕೆಲಸ. ಪಿ, ಎಚ್, ವೈ, ಎನ್ ನಾಲ್ಕೂ ಇರುವ 14 ಅಕ್ಷರದ ಇಂಗ್ಲಿಷ್ ಪದ ಹುಡುಕಿ. ಹಸಿರೆಲೆ ಬಿಸಿಲಿನ ನೆರವಿನಿಂದ ತನ್ನ ಆಹಾರ ತಯಾರಿಸಿಕೊಳ್ಳುವ ಕ್ರಿಯೆಗೆ ಆ ಹೆಸರು. ಸಿಕ್ಕ ಮೇಲೆ ಎಷ್ಟು ದೀಪ ಹೊತ್ತುತ್ತವೆ ಎಂದು ಎಣಿಸಿ, ನಿಮ್ಮ ವಿಜ್ಞಾನ ಮೇಷ್ಟ್ರಿಗೂ ಮೇಡಂಗೂ ತೋರಿಸಿ.