ಹಳೆಯ ರೇಡಿಯೋ ವಾಲ್ವುಗಳ ಪರೀಕ್ಷೆ



ಹಳೆಯ ರೇಡಿಯೋ ಯಂತ್ರವೊಂದರ ಧ್ವನಿ ಕುಗ್ಗಿದೊಡನೆ ನಾವು ಸಾಮಾನ್ಯವಾಗಿ ವಾಲ್ವಿನ ಮೇಲೆ ತಪ್ಪು ಹೊರಿಸುತ್ತೇವೆ. ಅದನ್ನು ಕಿತ್ತು ಬೇರೊಂದನ್ನು ಹಾಕಿದರೆ ಸಾಕೆಂದು ಭಾವಿಸುತ್ತೇವೆ. ನಾಡಿ ನೋಡದೆ ಮದ್ದು ಕೊಡುವ ವೈದ್ಯನನ್ನು ನಾವು ನಂಬುವೆವೇ? ಮೊದಲನೆಯ ವಾಲ್ವು ಏಕೆ ಕೆಟ್ಟಿತೆಂಬುದನ್ನು ಅರಿಯದಿದ್ದರೆ, ಎರಡನೆಯದೂ ಅದೇ ದಾರಿ ಹಿಡಿಯಬಹುದು.

ವಾಲ್ವೆಂಬುದು ಒಳಗಣ ಗಾಳಿಯನ್ನು ಹೊರತೆಗೆದ ಬುರುಡೆ. ಅದರಲ್ಲಿ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ಪ್ಲೇಟನ್ನು ಸೇರುತ್ತವೆ; ನಡುವೆ ಇರುವ ಗ್ರಿಡ್ ಎಂಬ ಜಾಲರಿಯು ಅವುಗಳ ಪ್ರವಾಹವನ್ನು ಹತೋಟಿಯಲ್ಲಿಡುತ್ತದೆ. ಕ್ಯಾಥೋಡಿನ ಮೇಲಣ ಆಕ್ಸೈಡು ಲೇಪದ ಶಕ್ತಿ ಕುಂದಿದಂತೆ ವಾಲ್ವಿಗೆ ಮುಪ್ಪು ಬರುತ್ತದೆ. ಗಾಜಿನ ಒಳಮೈಯಲ್ಲಿ ಕನ್ನಡಿಯಂತೆ ಹೊಳೆಯಬೇಕಾದ ಕಲೆಯು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆಯೆಂದೇ ಅರ್ಥ, ಅದಕ್ಕೆ ಚಿಕಿತ್ಸೆಯಿಲ್ಲ. ಆದರೆ ತಂತು ಕೆಂಪಗೆ ಉರಿದ ಮಾತ್ರಕ್ಕೆ ವಾಲ್ವು ಆರೋಗ್ಯವಾಗಿದೆಯೆಂದು ಹೇಳಲಾಗದು. ಅಳತೆ ಅವಶ್ಯಕ.

6ವಿ6 ಎಂಬ ಪ್ರಸಿದ್ಧ ವಾಲ್ವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪ್ಲೇಟಿಗೆ 250 ವೋಲ್ಟು ಕೊಟ್ಟು, ಕ್ಯಾಥೋಡಿಗೆ 250 ಓಮಿನ ರೋಧಕವನ್ನು ಸೇರಿಸಿರುವಲ್ಲಿ, ಆ ರೋಧಕದ ತುದಿಗಳ ನಡುವೆ ಸುಮಾರು 12.5 ವೋಲ್ಟು ತೋರಬೇಕು. ಅಂದರೆ 50 ಮಿಲಿಆಂಪಿಯರು ಹರಿಯುತ್ತಿದೆಯೆಂದಾಯಿತು. ಇದಕ್ಕಿಂತ ಬಹಳ ಕಡಮೆಯಾದರೆ ವಾಲ್ವು ಸವೆದಿರಬಹುದು. ಬಹಳ ಹೆಚ್ಚಾದರೆ, ಹಿಂದಿನ ಹಂತದಿಂದ ಧ್ವನಿಯನ್ನು ತರುವ ಕಾಗದದ ಕಂಡೆನ್ಸರನ್ನು ಶಂಕಿಸಬೇಕು. ಅದು ಸೋರಿದರೆ ಹಿಂದಿನ ಪ್ಲೇಟಿನ ವೋಲ್ಟೇಜು ಗ್ರಿಡ್ಡಿಗೆ ತಗುಲಿ, ನಿರ್ದೋಷಿಯಾದ ವಾಲ್ವು ಕಾದು ಹಾಳಾಗುತ್ತದೆ. ಇಲ್ಲಿ ಬದಲಾಯಿಸಬೇಕಾದುದು ಮೊದಲು ಕಂಡೆನ್ಸರು.

ಈ ಅಳತೆ ಪಳಗಿದ ಕೈಗಳ ಕೆಲಸ. ಒಳಗೆ 300 ವೋಲ್ಟಿಗೂ ಮೀರಿದ ಒತ್ತಡವಿರುವುದುಂಟು. ಸ್ವಿಚ್ಚು ಆರಿಸಿದ ಮೇಲೂ ಅದು ಕಂಡೆನ್ಸರುಗಳಲ್ಲಿ ಉಳಿದಿರಬಹುದು. ಟ್ರಾನ್ಸ್‌ಫಾರ್ಮರಿಲ್ಲದ ಎಸಿ-ಡಿಸಿ ಯಂತ್ರಗಳಲ್ಲಂತೂ ತಗಡಿನ ಚೌಕಟ್ಟೇ ಮನೆಯ ವಿದ್ಯುತ್ತಿಗೆ ನೇರವಾಗಿ ತಗುಲಿರಬಹುದು.

ಇನ್ನು ಬದಲಿ ವಾಲ್ವಿನ ವಿಚಾರ. ಅಮೆರಿಕದ 6ಬಿಕ್ಯೂ5 ಮತ್ತು ಯೂರೋಪಿನ ಇಎಲ್84, ಹೆಸರು ಎರಡಾದರೂ ವಸ್ತು ಒಂದೇ, ಧೈರ್ಯವಾಗಿ ಬದಲಾಯಿಸಬಹುದು. ಆದರೆ 6ವಿ6ರ ಸ್ಥಾನದಲ್ಲಿ 6ಎಲ್6 ಕುಳಿತರೆ? ಕಾಲುಗಳೇನೋ ಹೊಂದುತ್ತವೆ. ಮೊದಲನೆಯದರ ತಂತುವಿಗೆ 0.45 ಆಂಪಿಯರು ಸಾಕು, ಎರಡನೆಯದು 0.9 ಬೇಡುತ್ತದೆ. ಇಎಲ್34ಕ್ಕೆ 1.5 ಆಂಪಿಯರೇ ಬೇಕು. ಹಾಗೆಯೇ 5ವೈ3 ಎಂಬ ರೆಕ್ಟಿಫೈಯರು 2 ಆಂಪಿಯರು ಎಳೆದರೆ 5ಯು4 ಎಂಬುದು 3 ಆಂಪಿಯರು ಎಳೆಯುತ್ತದೆ. ಅದರ ಮೇಲೆ, ಮುಂದಿನ ಭಾಗಗಳಿಗೆ ವೋಲ್ಟೇಜನ್ನೂ ಏರಿಸುತ್ತದೆ. ಈ ಹೆಚ್ಚಿನ ಹೊರೆಯನ್ನು ಹೊರಬೇಕಾದುದು ಟ್ರಾನ್ಸ್‌ಫಾರ್ಮರು. ಯಂತ್ರವು ಮೊದಲ ದಿನ ಚೆನ್ನಾಗಿಯೇ ಹಾಡೀತು. ಕೆಲವು ಕಾಲದ ಮೇಲೆ ಸುಟ್ಟ ವಾಸನೆ ಬಂದೀತು.

6ವಿ6ರಂತಹ ಕೆಲವು ವಾಲ್ವುಗಳು ಇಂದಿಗೂ ತಯಾರಾಗುತ್ತಿವೆ; ಹುಡುಕಿದರೆ ದೊರೆಯುತ್ತವೆ. ಆ ಯಂತ್ರಕ್ಕೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರು ಹೋದರೆ ತಕ್ಕುದೊಂದು ಸುಲಭವಾಗಿ ದೊರೆಯದು. ಆದುದರಿಂದ ಹಿರಿಯರ ಕಾಲದ ರೇಡಿಯೋವೊಂದು ನಮ್ಮ ಮನೆಯಲ್ಲಿದ್ದರೆ, ವಾಲ್ವಿಗೆ ಕೈಹಾಕುವ ಮೊದಲು ವಾಲ್ವುಗಳ ಕೋಷ್ಟಕವನ್ನು ತೆರೆದು, ತಂತುವಿನ ವೋಲ್ಟೇಜು, ಅದು ಎಳೆಯುವ ಪ್ರವಾಹ, ಕಾಲುಗಳ ಜೋಡಣೆ, ಈ ಮೂರನ್ನಾದರೂ ಹೋಲಿಸಿ ನೋಡೋಣ.