ವಿಮೆಯ ಲೆಕ್ಕದಲ್ಲಿ ನಮ್ಮ ವಿಳಾಸ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಮಾತು ವಿಮೆಯ ಬಗ್ಗೆ ಎಂದು ಹಲಗೆಯ ಮೇಲೆ ಬರೆದುದನ್ನು ಕಂಡು ಹಿಂದಿನ ಬೆಂಚಿನ ಕೆಲವರು ಚಪ್ಪಲಿ ಹುಡುಕತೊಡಗಿದರು. ದಯವಿಟ್ಟು ಕುಳಿತುಕೊಳ್ಳಿ. ಪಾಲಿಸಿ ಮಾರಲು ನಾವು ಬಂದಿಲ್ಲ. ಬಾಂಬು ಸಿಡಿದು ಹೋದ ಆಸ್ತಿಗೆ ಯಾರು ಹಣ ಕೊಡುತ್ತಾರೆ, ಅದರ ಲೆಕ್ಕವನ್ನು ಯಾರು ಇಡುತ್ತಾರೆ, ಆ ಲೆಕ್ಕದಲ್ಲಿ ನಾವು ಎಲ್ಲಿದ್ದೇವೆ ಎಂಬುದಷ್ಟೇ ಇಂದಿನ ವಿಷಯ.

ಇದು ದೂರದ ಮಾತಲ್ಲ. 2010ರ ಫೆಬ್ರವರಿ 13, ಶನಿವಾರ ಸಂಜೆ, ನಮ್ಮ ಕ್ಯಾಂಪಿನ ನೆರೆಯ ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಬಾಂಬು ಸಿಡಿದು 17 ಜನ ಸತ್ತರು. ಸತ್ತವರಲ್ಲಿ ವಿದ್ಯಾರ್ಥಿಗಳಿದ್ದರು, ಪರದೇಶದವರಿದ್ದರು, ಅಲ್ಲಿ ತಿಂಡಿ ತಂದಿಡುತ್ತಿದ್ದ ಕೆಲಸಗಾರರೂ ಇದ್ದರು. ಊರು ಬಿಟ್ಟು ಬಂದು ಇನ್ನೊಬ್ಬರ ಹೋಟೆಲಿನಲ್ಲಿ ದುಡಿಯುವವರ ಪಾಡು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ವಿಮೆಯವರು ಬದುಕುವುದು ಹಳೆಯ ಲೆಕ್ಕದ ಮೇಲೆ. ವರ್ಷಕ್ಕೆ ಎಷ್ಟು ಅಂಗಡಿ ಸುಡುತ್ತವೆ, ಎಷ್ಟು ಲಾರಿ ಮಗುಚುತ್ತವೆ ಎಂಬುದು ಅವರಿಗೆ ಗೊತ್ತು. ಅದನ್ನು ನೋಡಿ ಕಂತು ಕಟ್ಟಿಸುತ್ತಾರೆ. ಬಾಂಬಿಗೆ ಅಂಥ ಲೆಕ್ಕವಿಲ್ಲ. ಹತ್ತು ವರ್ಷ ಏನೂ ಆಗದೆ, ಒಂದೇ ದಿನ ಒಂದೇ ಬೀದಿಯಲ್ಲಿ ಎಲ್ಲವೂ ಆಗಿಬಿಡಬಹುದು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಆದದ್ದು ಅದೇ. ವಿಮೆಯವರಿಗೇ ವಿಮೆ ಮಾಡುವ ದೊಡ್ಡ ಸಂಸ್ಥೆಗಳಿವೆಯಷ್ಟೆ, ಅವಕ್ಕೆ ಮರುವಿಮೆಯವರು ಎನ್ನುತ್ತಾರೆ. ಭಯೋತ್ಪಾದನೆಯ ನಷ್ಟ ಇನ್ನು ನಮಗೆ ಬೇಡವೆಂದು ಅವರು ಜಗತ್ತಿನಾದ್ಯಂತ ಕೈ ಹಿಂದಕ್ಕೆಳೆದುಕೊಂಡರು. ಆ ಬಿಸಿ ನಮ್ಮ ದೇಶಕ್ಕೂ ತಟ್ಟಿತು.

ಆಗ ಇಲ್ಲಿಯ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಸೇರಿ 2002ರ ಏಪ್ರಿಲ್‌ನಲ್ಲಿ ಒಂದು ಕೂಡುನಿಧಿ ಮಾಡಿಕೊಂಡವು. ಅದರ ಪಾರುಪತ್ಯ ಮುಂಬಯಿಯ ಜನರಲ್ ಇನ್ಶೂರೆನ್ಸ್ ಕಾರ್ಪೊರೇಶನ್ನಿನದು. ನಮ್ಮ ಹಳ್ಳಿಗಳಲ್ಲಿ ಹತ್ತು ಮನೆಯವರು ಕೂಡಿ ಒಬ್ಬನ ಸುಟ್ಟ ಬಣವೆಗೆ ಮೇವು ಹೊಂದಿಸಿಕೊಡುವಂತೆ, ಎಲ್ಲ ಕಂಪನಿಗಳೂ ಈ ಬಾಬಿನ ಕಂತನ್ನು ಅಲ್ಲಿ ಹಾಕುತ್ತವೆ. ನಷ್ಟ ಬಂದರೆ ಹಂಚಿಕೊಳ್ಳುತ್ತವೆ. 2008ರ ನವೆಂಬರ್‌ನಲ್ಲಿ ಮುಂಬಯಿಯ ತಾಜ್, ಒಬೆರಾಯ್ ಹೋಟೆಲುಗಳ ಮೇಲೆ ದಾಳಿಯಾದಾಗ ಭಾರ ಬಿದ್ದದ್ದು ಈ ನಿಧಿಯ ಮೇಲೆಯೇ. ಒಂದು ಸ್ಥಳಕ್ಕೆ ಇಷ್ಟೇ ಎಂದು ಅದಕ್ಕೊಂದು ಮಿತಿ. ಮೊದಲು 200 ಕೋಟಿ ರೂಪಾಯಿ ಇದ್ದದ್ದು ಮುಂದೆ 2,000 ಕೋಟಿಗೆ ಏರಿತು.

‘ಒಂದು ಸ್ಥಳ’ ಎಂಬ ಮಾತನ್ನು ಸ್ವಲ್ಪ ಗಮನಿಸಬೇಕು. ಯಾವ ಬೀದಿಯಲ್ಲಿ ಎಷ್ಟು ಆಸ್ತಿ ವಿಮೆಯಾಗಿದೆ ಎಂದು ತಿಳಿಯದಿದ್ದರೆ ಕೂಡುನಿಧಿಯೂ ಕುರುಡೇ. ಅಮೆರಿಕದವರು ಇದನ್ನು ಕಾನೂನಿಗೇ ಸೇರಿಸಿದರು. 2002ರಲ್ಲಿ ಅವರ ಸರಕಾರ ಭಯೋತ್ಪಾದನೆಯ ದೊಡ್ಡ ನಷ್ಟದಲ್ಲಿ ತಾನೂ ಪಾಲು ಹೊರುವುದಾಗಿ ಶಾಸನ ಮಾಡಿತು. 2015ರ ತಿದ್ದುಪಡಿಯಲ್ಲಿ, ಹಣ ಹೊರುವವರಿಗೆ ಲೆಕ್ಕವೂ ಬೇಕೆಂದು ವಿಧಿಸಿ, 2016ರಿಂದ ವಿಮಾ ಕಂಪನಿಗಳಿಂದ ಮಾಹಿತಿ ಕೇಳತೊಡಗಿತು. ಯಾವ ಬಗೆಯ ವಿಮೆ, ಎಷ್ಟು ಕಂತು ಬಂತು, ಆಸ್ತಿ ಎಲ್ಲಿದೆ, ಎಷ್ಟಕ್ಕೆ ಮಾರಿದಿರಿ, ಮರುವಿಮೆ ಎಷ್ಟು? ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆ: ಗಿರಾಕಿಗಳಲ್ಲಿ ಎಷ್ಟು ಪಾಲು ಜನ ಈ ರಕ್ಷಣೆಯನ್ನು ನಿಜವಾಗಿ ಕೊಂಡರು?

ಈ ಕಡೆಯ ಪ್ರಶ್ನೆಯೇ ನಮಗೆ ಹೆಚ್ಚಿನದೆಂದು ತೋರುತ್ತದೆ. ಉಳಿದವು ಕಂಪನಿಯ ಬೊಕ್ಕಸದ ಪ್ರಶ್ನೆಗಳು. ಇದು ಜನರ ಪ್ರಶ್ನೆ. ಅಲ್ಲಿ ಕಾರ್ಮಿಕ ಪರಿಹಾರದ ವಿಮೆಯಿಂದ ಭಯೋತ್ಪಾದನೆಯನ್ನು ಹೊರಗಿಡುವಂತಿಲ್ಲ. ಆದ್ದರಿಂದ ಕೆಲಸಗಾರನೂ ಆ ಲೆಕ್ಕದೊಳಗೆ ಬರುತ್ತಾನೆ.

ನಮ್ಮಲ್ಲಿಯೂ ಲೆಕ್ಕ ಕೇಳುವವರಿಲ್ಲವೆಂದಲ್ಲ. ಹೈದರಾಬಾದಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಿದೆ. ಕಂಪನಿಗಳಿಂದ ಪಾಲಿಸಿಗಳ, ಕ್ಲೇಮುಗಳ ವಿವರ ಕೂಡಿಹಾಕಲು 2009ರಲ್ಲಿ ಅದು ಮಾಹಿತಿ ಬ್ಯೂರೋ ಒಂದನ್ನು ಸ್ಥಾಪಿಸಿತು. ಆದರೆ ಮೇಲಿನ ಲೆಕ್ಕ ಕೆಳಗಿನ ಫಾರ್ಮಿಗಿಂತ ಸರಿಯಾಗಿರುವುದು ಸಾಧ್ಯವಿಲ್ಲ. ಫಾರ್ಮು ತುಂಬುವವರು ಇಲ್ಲಿ ಕುಳಿತಿರುವ ನಮ್ಮಂಥ ಗುಮಾಸ್ತರೇ!

ನಮ್ಮ ಸದಸ್ಯರೊಬ್ಬರ ಸಂಗತಿ ಹೇಳುತ್ತೇವೆ. ಸಿಂದಗಿಯ ಕಡೆಯವರು, ಈಸ್ಟ್ ಸ್ಟ್ರೀಟಿನ ಹತ್ತಿರ ಸಣ್ಣದೊಂದು ಜೆರಾಕ್ಸ್ ಅಂಗಡಿ. ಅಂಗಡಿಗೆ ವಿಮೆ ಮಾಡಿಸಿದರು, ಕಂತೂ ಕಟ್ಟಿದರು. ಎರಡು ವರ್ಷದ ಮೇಲೆ ಇಲ್ಲಿಗೆ ಕಾಗದ ತಂದು ತೋರಿಸಿದಾಗ ನೋಡಿದರೆ, ವಿಮೆಯಾದ ಆಸ್ತಿಯ ಸ್ಥಳ ಸಿಂದಗಿ ತಾಲ್ಲೂಕಿನ ಅವರ ಹಳ್ಳಿ! ಆಧಾರ್ ಚೀಟಿಯಲ್ಲಿದ್ದ ವಿಳಾಸವನ್ನು ಯಾರೋ ಹಾಗೆಯೇ ಇಳಿಸಿದ್ದರು. ಯಂತ್ರ ಇರುವುದು ಪುಣೆಯಲ್ಲಿ, ವಿಮೆ ಇರುವುದು ಜೋಳದ ಹೊಲದಲ್ಲಿ. “ಅಲ್ರೀ, ಬಾಂಬು ನಮ್ಮೂರಿಗೆ ಬಂದ್ರ ನನಗ ರೊಕ್ಕ ಸಿಗತಿತ್ತೇನ್ರಿ?” ಎಂದು ಅವರು ನಕ್ಕರು. ನಾವೂ ನಕ್ಕೆವು. ಆದರೆ ಅಂಗಡಿ ಸುಟ್ಟಿದ್ದರೆ ಆ ಕಾಗದ ಹಿಡಿದು ಎಷ್ಟು ಮೆಟ್ಟಿಲು ಹತ್ತಬೇಕಾಗುತ್ತಿತ್ತೋ! ಅರ್ಜಿ ಕೊಟ್ಟು ತಿದ್ದಿಸಿದ್ದಾಯಿತು. ವಲಸೆ ಬಂದವರಲ್ಲಿ ಈ ತಪ್ಪು ಆಗುವುದು ಸುಲಭ. ನಮಗೆಲ್ಲ ವಿಳಾಸಗಳು ಎರಡೆರಡು.

ಇನ್ನು ಪಾಲಿಸಿಯೇ ಇಲ್ಲದವರು. ಕಂಪನಿಗಳನ್ನು ಎಷ್ಟು ಕೇಳಿದರೂ ವಿಮೆ ಮಾಡಿಸಿದವನ ಲೆಕ್ಕ ಬಂದೀತೇ ಹೊರತು ಮಾಡಿಸದವನದು ಬಾರದು. 2021ರ ಮಾರ್ಚ್ 26ರ ರಾತ್ರಿ ನಮ್ಮ ಕ್ಯಾಂಪಿನ ಫ್ಯಾಶನ್ ಸ್ಟ್ರೀಟಿಗೆ ಬೆಂಕಿ ಬಿದ್ದು ನೂರಾರು ಅಂಗಡಿ ಬೂದಿಯಾದವು. ಅದು ಬಾಂಬಲ್ಲ, ಬರಿಯ ಬೆಂಕಿ. ಆದರೂ ಒಂದು ಬೀದಿ ಒಂದೇ ರಾತ್ರಿಯಲ್ಲಿ ಹೋಗುವುದೆಂದರೇನೆಂದು ಕಂಡೆವು. ಇಂಥ ಬೀದಿಗಳಲ್ಲಿ ನೂರಕ್ಕೆ ಎಷ್ಟು ಜನ ಲೆಕ್ಕದ ಹೊರಗಿದ್ದಾರೆ ಎಂಬುದನ್ನು ಸರಕಾರ ಬೀದಿ ಬೀದಿಯಲ್ಲಿ ಕೇಳಿ, ಬಂದ ಉತ್ತರವನ್ನು ಪ್ರಕಟಿಸಬೇಕೆಂಬುದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ಕೈಲಿರುವುದನ್ನು ನೋಡೋಣ. 2021ರ ಏಪ್ರಿಲ್‌ನಲ್ಲಿ ಬಂದ, ಮನೆಗಾದರೆ ಭಾರತ್ ಗೃಹ ರಕ್ಷಾ, ಸಣ್ಣ ಅಂಗಡಿ ಕಾರಖಾನೆಗಳಿಗಾದರೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಈ ಎರಡು ಪಾಲಿಸಿಗಳಲ್ಲಿಯೂ ಭಯೋತ್ಪಾದನೆಯ ನಷ್ಟ ಸೇರಿದೆ. ಪ್ರಾಣಕ್ಕೆ ಬೇರೆ ದಾರಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ. ಕೊಲೆಯೂ ಅದರಲ್ಲಿ ಸೇರುತ್ತದೆಂದು ಸರಕಾರದ ವಿವರಣೆಯೇ ಇದೆ. ಭಯೋತ್ಪಾದನೆಗೆ ಬಲಿಯಾದವರ ಮನೆಯವರಿಗೆ ಕೇಂದ್ರ ಸರಕಾರದ ನೆರವು 2008ರಲ್ಲಿ 3 ಲಕ್ಷವೆಂದು ಆರಂಭವಾಗಿ 2016ರಲ್ಲಿ 5 ಲಕ್ಷವಾಯಿತು. ಅದು ವಿಮೆಯಲ್ಲ, ನೆರವು. ಎರಡನ್ನೂ ಕೇಳಲು ಊರಿನಲ್ಲಿರುವ ಹೆಂಡತಿಗೋ ತಾಯಿಗೋ ಕಾಗದ ಎಲ್ಲಿದೆಯೆಂದು ತಿಳಿದಿರಬೇಕು. ನಾಮಿನಿಯ ಕಾಲಮ್ಮನ್ನು ಖಾಲಿ ಬಿಟ್ಟವರು ಈ ಸಭೆಯಲ್ಲಿಯೇ ಎಷ್ಟು ಜನರಿದ್ದೀರೋ, ಕೈ ಎತ್ತಿಸಿ ಮುಜುಗರಪಡಿಸುವುದಿಲ್ಲ.

ಬರುವ ಎರಡು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ಫಾರ್ಮು ಬಲ್ಲ ಇಬ್ಬರು ಗೆಳೆಯರು ಇಲ್ಲಿಯ ದೊಡ್ಡ ಮೇಜಿನ ಬಳಿ ಕೂಡುತ್ತಾರೆ. ಪಾಲಿಸಿ ಇದ್ದವರು ಪಾಲಿಸಿ, ಇಲ್ಲದವರು ಪಾಸ್‌ಬುಕ್ಕು ತನ್ನಿ. ಆಸ್ತಿಯ ಸ್ಥಳ, ಪಿನ್ ಕೋಡ್, ನಾಮಿನಿ, ಈ ಮೂರನ್ನು ನೋಡಿಕೊಡುತ್ತಾರೆ. ಶುಲ್ಕವಿಲ್ಲ. ಕನ್ನಡಕ ಮರೆಯಬೇಡಿ, ಆ ಕಾಗದಗಳ ಅಕ್ಷರ ಬಹಳ ಸಣ್ಣದು.